ಹತ್ತು ಅಂಕದ ಪ್ರಶ್ನೆ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡ ಮೇಲೆ, ಎದೆಯೊಳಗೆ ಹೃದಯವೆಂಬ ಅಂಗವೊಂದಿದೆಯೆಂಬುದು ನಮ್ಮ ನಾಡಿನ ಜನಕ್ಕೆ ಒಮ್ಮೆಲೇ ನೆನಪಾದಂತಾಯಿತು. 2025ರ ಜೂನ್-ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಸಾವಿನ ಸುದ್ದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಆ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ನನ್ನ ಮೊಬೈಲಿಗೆ ಕಳುಹಿಸಿದ ಸಲಹೆಗಳಿಗೆ ಲೆಕ್ಕವಿಲ್ಲ. ಬೆಳ್ಳುಳ್ಳಿ ತಿನ್ನಿರಿ, ಬಿಸಿನೀರು ಕುಡಿಯಿರಿ, ಎದೆನೋವು ಬಂದರೆ ಜೋರಾಗಿ ಕೆಮ್ಮುತ್ತಲೇ ಇರಿ, ಹೃದಯ ತಾನಾಗಿ ಸರಿಹೋಗುತ್ತದೆ ಇತ್ಯಾದಿ. (ಕೆಮ್ಮಿನ ಸಲಹೆ ಶುದ್ಧ ಸುಳ್ಳು. ಕೆಮ್ಮುತ್ತಾ ಕಳೆಯುವ ಸಮಯವನ್ನು ಆಸ್ಪತ್ರೆಗೆ ಹೊರಡಲು ಬಳಸತಕ್ಕದ್ದು. ವಿಜ್ಞಾನ ಓದಿದವರೇ ಇದನ್ನು ನನಗೆ ಕಳುಹಿಸಿದ್ದರೆಂಬುದು ನನಗೆ ಇನ್ನೂ ನೋವಿನ ಸಂಗತಿ.)

ಇಷ್ಟೆಲ್ಲ ಗದ್ದಲದ ನಡುವೆ ಯಾರೂ ಕೇಳದ ಪ್ರಶ್ನೆಯೊಂದಿದೆ. ಆಸ್ಪತ್ರೆಗೆ ಸೇರಿ, ಹಾಸಿಗೆಯ ಮೇಲೆ ಮಲಗಿ, ಇನ್ನು ಭಯವಿಲ್ಲವೆಂದು ನಂಬಿರುವ ರೋಗಿಯ ಹೃದಯ ರಾತ್ರಿ ಎರಡು ಗಂಟೆಗೆ ನಿಂತುಬಿಟ್ಟರೆ ಅವನ ಬಳಿಗೆ ಮೊದಲು ಬರುವವರು ಯಾರು? ಹೆಸರಾಂತ ವೈದ್ಯರಲ್ಲ, ಅವರು ಮನೆಯಲ್ಲಿ ನಿದ್ರಿಸುತ್ತಿರುತ್ತಾರೆ. ಬರುವವಳು ವಾರ್ಡಿನ ದಾದಿ. ಆ ಕ್ಷಣದಲ್ಲಿ ಮಾಡಬೇಕಾದ ಕೆಲಸ, ಅಂದರೆ ಸಿ.ಪಿ.ಆರ್. ಎಂದು ಈಗ ಎಲ್ಲರ ಬಾಯಲ್ಲೂ ಇರುವ ಹೃದಯ-ಶ್ವಾಸ ಪುನಶ್ಚೇತನ, ಆಕೆಯ ಕೈಗೆ ಬರುತ್ತದೆಯೇ?

ಬರುವಂತೆ ನಾವು ಕಲಿಸಿಲ್ಲವೆಂಬುದೇ ನನ್ನ ಆಕ್ಷೇಪ. ನಾವು ಆಕೆಗೆ ಪಾಠ ಹೇಳಿದ್ದೇವೆ, ಪರೀಕ್ಷೆ ಬರೆಸಿದ್ದೇವೆ, ಪ್ರಮಾಣಪತ್ರ ಕೊಟ್ಟಿದ್ದೇವೆ. ಕೈಗೆ ಮಾತ್ರ ಏನನ್ನೂ ಕೊಟ್ಟಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಾಗಿ, ವೈದ್ಯನಲ್ಲದಿದ್ದರೂ, ಕಲಿಸುವುದೆಂದರೇನು ಎಂಬ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ತೋಟದ ಪಂಪ್‌ಸೆಟ್ಟನ್ನು ನೆನೆದುಕೊಳ್ಳಿ. ಪೈಪಿನಲ್ಲಿ ಕಸ ಸಿಕ್ಕಿಕೊಳ್ಳುವುದು ಒಂದು ತೊಂದರೆ. ಮೋಟಾರೇ ನಿಂತುಹೋಗುವುದು ಇನ್ನೊಂದು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ರೋಗಿಗೆ ಆಗ ಪ್ರಜ್ಞೆ ಇರಬಹುದು, ಮಾತನಾಡಲೂಬಹುದು. ಹೃದಯವೇ ರಕ್ತ ತಳ್ಳುವುದನ್ನು ನಿಲ್ಲಿಸಿದರೆ ಅದು ಹೃದಯಸ್ತಂಭನ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗುವುದುಂಟು. ಸ್ತಂಭನವಾದ ನಾಲ್ಕಾರು ನಿಮಿಷಗಳಲ್ಲಿ ಮಿದುಳು ಕೆಡಲಾರಂಭಿಸುತ್ತದೆ. ಹೃದಯ ಮಿಡಿಯದೆ ಬರಿದೇ ಅದುರುತ್ತಿರುವ ಸ್ಥಿತಿಯಲ್ಲಿ, ಸಿ.ಪಿ.ಆರ್. ಇಲ್ಲದೆ ವಿದ್ಯುದಾಘಾತ ಚಿಕಿತ್ಸೆ ತಡವಾದ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಆದ್ದರಿಂದ ವೈದ್ಯರು ಬರುವವರೆಗೆ ಎಂಬ ಮಾತಿಗೆ ಇಲ್ಲಿ ಅರ್ಥವೇ ಇಲ್ಲ.

ಎದೆಯನ್ನು ಹೊರಗಿನಿಂದ ಒತ್ತಿ ರಕ್ತ ಚಲಿಸುವಂತೆ ಮಾಡಬಹುದೆಂಬುದನ್ನು 1960ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬ ಮೂವರು ಪ್ರಕಟಿಸಿದರು. ಇವರಲ್ಲಿ ಕೌವೆನ್‌ಹೋವೆನ್ ವೈದ್ಯರೇ ಅಲ್ಲ, ವಿದ್ಯುತ್ ಎಂಜಿನಿಯರು. ಬರಿಯ ಎರಡು ಕೈಗಳಿದ್ದರೆ ಸಾಕು, ಎಲ್ಲಿ ಬೇಕಾದರೂ ಯಾರು ಬೇಕಾದರೂ ಇದನ್ನು ಆರಂಭಿಸಬಹುದೆಂಬುದು ಅವರ ಸಂದೇಶ. ಅದೇ ವರ್ಷ ನಾರ್ವೆಯ ಸ್ಟಾವಾಂಗರ್ ಎಂಬ ಊರಿನ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಎಂಬಾತ ಇದನ್ನು ಅಭ್ಯಾಸ ಮಾಡಲೆಂದೇ ಮನುಷ್ಯ ಗಾತ್ರದ ಗೊಂಬೆಯೊಂದನ್ನು ತಯಾರಿಸಿದ. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕಿದ ಅನಾಮಿಕ ತರುಣಿಯದೆಂದು ಹೇಳಲಾಗುವ ಮುಖವಾಡದ ಮುಖವನ್ನು ಅದಕ್ಕೆ ಕೊಟ್ಟ. ಜಗತ್ತಿನಾದ್ಯಂತ ಲಕ್ಷಾಂತರ ಜನ ಆ ಗೊಂಬೆಯ ಎದೆಯ ಮೇಲೆ ಕೈಯಿಟ್ಟು ಕಲಿತಿದ್ದಾರೆ. ನಾನು ಗಮನಿಸಬೇಕೆನ್ನುವುದು ಇಷ್ಟನ್ನೇ: ಈ ವಿದ್ಯೆ ಹುಟ್ಟಿದ ವರ್ಷವೇ ಅದಕ್ಕೊಂದು ಗೊಂಬೆಯೂ ಹುಟ್ಟಿತು. ಇದು ಕಪ್ಪುಹಲಗೆಯ ಮೇಲೆ ಕಲಿಸುವ ವಿದ್ಯೆಯಲ್ಲವೆಂಬುದು ಆಗಲೇ ಅವರಿಗೆ ಹೊಳೆದಿತ್ತು.

ಏಕೆಂದರೆ ಕೇಳಲು ಸುಲಭವಾದ ಈ ಕೆಲಸ ಮಾಡಲು ಬಹಳ ಕಷ್ಟ. ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡವನ್ನು ಊರಿ, ಮೊಣಕೈ ಬಾಗದಂತೆ, ಭುಜವು ನೇರವಾಗಿ ಮೇಲೆ ಬರುವಂತೆ ನಿಂತು, ವಯಸ್ಕನ ಎದೆಯನ್ನು ಕನಿಷ್ಠ 5 ಸೆಂಟಿಮೀಟರು ಒತ್ತಬೇಕು, 6ನ್ನು ಮೀರಬಾರದು. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಸೆಕೆಂಡಿಗೆ ಎರಡು ಅಥವಾ ತುಸು ಕಡಿಮೆ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಇಲ್ಲದಿದ್ದರೆ ಹೃದಯಕ್ಕೆ ರಕ್ತ ತುಂಬಿಕೊಳ್ಳುವುದಿಲ್ಲ. ನಿಲ್ಲಿಸುವುದಾದರೆ ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬಾರದು. ಊರ ನಡುವಿನ ಕೈಪಂಪನ್ನು ಒತ್ತಿದವರಿಗೆ ಇದರ ಮರ್ಮ ಗೊತ್ತು. ಮೊದಲ ನಾಲ್ಕೈದು ಒತ್ತಿಗೆ ನೀರು ಬರುವುದಿಲ್ಲ. ಬಂದ ಮೇಲೆ ಕೈಬಿಟ್ಟರೆ ಏರಿದ ನೀರು ಕೆಳಗಿಳಿದುಹೋಗುತ್ತದೆ, ಮತ್ತೆ ಮೊದಲಿನಿಂದ. ಎಷ್ಟು ಚೆನ್ನಾಗಿ ಒತ್ತಿದರೂ ಸಹಜ ರಕ್ತಪ್ರವಾಹದ ಕಾಲು ಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ ದೊರೆಯುತ್ತದೆ. ಅದರಲ್ಲಿಯೂ ಅರೆಬರೆ ಒತ್ತಿದರೆ ಮಿದುಳಿಗೆ ಉಳಿಯುವುದೇನು? ಇದರ ಮೇಲೆ ಆಯಾಸ. ಎರಡು ನಿಮಿಷದೊಳಗಾಗಿಯೇ ಒತ್ತಿನ ಆಳ ಕುಗ್ಗುತ್ತದೆ. ಒತ್ತುವವರಿಗೆ ಅದು ತಿಳಿಯುವುದೇ ಇಲ್ಲ. ಆದ್ದರಿಂದಲೇ ಎರಡೆರಡು ನಿಮಿಷಕ್ಕೆ ಆಳು ಬದಲಾಗಬೇಕೆಂಬ ನಿಯಮ. ಸ್ಪಂಜಿನ ಹಾಸಿಗೆಯಿದ್ದರೆ ಒತ್ತಿದ್ದರಲ್ಲಿ ಒಂದು ಪಾಲನ್ನು ಹಾಸಿಗೆಯೇ ನುಂಗುತ್ತದೆ. ಮಂಚ ಎತ್ತರವಾಗಿ ದಾದಿ ಗಿಡ್ಡವಾಗಿದ್ದರೆ ಕಾಲಡಿಗೆ ಒಂದು ಮಣೆಯೋ ಸ್ಟೂಲೋ ಬೇಕು. ಇದಾವುದನ್ನೂ ಪುಸ್ತಕದ ಚಿತ್ರ ತೋರಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವೊಂದರ ಆಸ್ಪತ್ರೆಯಲ್ಲಿ ನಮ್ಮ ಶಾಲೆಯ ದೈಹಿಕ ಶಿಕ್ಷಕರಾಗಿದ್ದ ನನ್ನ ಸಹೋದ್ಯೋಗಿಯೊಬ್ಬರನ್ನು ನೋಡಲು ಹೋಗಿದ್ದೆ. ಎದೆನೋವೆಂದು ಹಿಂದಿನ ದಿನ ಸೇರಿದ್ದರು. ಶಾಲೆಯ ಖೋ-ಖೋ ತಂಡದ ಹಳೆಯ ಕಥೆಯನ್ನು ಹೇಳುತ್ತಿದ್ದಂತೆಯೇ ಮಾತು ನಿಂತಿತು, ತಲೆ ಒಂದು ಕಡೆಗೆ ವಾಲಿತು. ಕೂಗಿದೆ. ಇಪ್ಪತ್ತೆರಡು ವಯಸ್ಸಿನ ಹುಡುಗಿಯೊಬ್ಬಳು ಓಡಿಬಂದಳು, ನಾಡಿ ನೋಡಿದಳು, ಬಿಳಿಚಿಕೊಂಡಳು, ವೈದ್ಯರಿಗೆ ಫೋನು ಮಾಡಲು ಓಡಿದಳು. ಹಿಂದಿರುಗಿ ಬಂದು ಎದೆಯ ಮೇಲೆ ಕೈಯಿಟ್ಟಳು. ಮೊಣಕೈ ಬಾಗಿತ್ತು, ಮಂಚದ ಚಕ್ರಕ್ಕೆ ತಡೆ ಹಾಕಿರಲಿಲ್ಲ, ಆಕೆ ಒತ್ತಿದ ಹಾಗೆಲ್ಲ ಮಂಚವೇ ಸರಿಯುತ್ತಿತ್ತು. ಗಡಿಯಾರ ನೋಡುವುದು ಮೇಷ್ಟರ ಚಟ. ವೈದ್ಯರು ಬಂದಾಗ ಒಂಬತ್ತು ನಿಮಿಷ ಕಳೆದಿತ್ತು.

ಸರಿಯಾಗಿ ಒತ್ತಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಹೇಳುವುದಿಲ್ಲ, ಯಾರೂ ಹೇಳಲಾರರು. ಆದರೆ ಅನಂತರ ಆ ಹುಡುಗಿ ಕಾರಿಡಾರಿನ ಕೊನೆಯಲ್ಲಿ ನಿಂತು ಅಳುತ್ತಿದ್ದುದನ್ನು ಕಂಡು, ಇದನ್ನು ಎಲ್ಲಿ ಕಲಿತೆಯಮ್ಮಾ ಎಂದು ಕೇಳಿದೆ. "ಕಾಲೇಜಿನಲ್ಲಿ ಸರ್. ಹತ್ತು ಅಂಕದ ಪ್ರಶ್ನೆ ಬಂದಿತ್ತು. ಪೂರ್ತಿ ಬರೆದಿದ್ದೆ" ಎಂದಳು. ಗೊಂಬೆ ಇರಲಿಲ್ಲವೇ ಎಂದೆ. ಇತ್ತಂತೆ, ಗಾಜಿನ ಬೀರುವಿನಲ್ಲಿ. ತಪಾಸಣೆಗೆ ಬಂದವರಿಗೆ ತೋರಿಸಲು ವರ್ಷಕ್ಕೊಮ್ಮೆ ಹೊರತೆಗೆಯುತ್ತಿದ್ದರಂತೆ. ಆಕೆಯ ತರಗತಿಯ ಅರವತ್ತು ಮಂದಿಯಲ್ಲಿ ಮುಂದೆ ನಿಂತಿದ್ದ ನಾಲ್ವರು ಒಮ್ಮೆ ಒತ್ತಿದರು, ಉಳಿದವರು ನೋಡಿದರು.

ನೋಡಿ ಕಲಿತರೆ ಈಜು ಬರುತ್ತದೆಯೇ? ನಾನು ಬಿ.ಎಡ್. ಓದುವಾಗ ಶಿಕ್ಷಣ ಮನೋವಿಜ್ಞಾನದಲ್ಲಿ ಎಷ್ಟೇ ಅಂಕ ತೆಗೆದರೂ ನಮ್ಮನ್ನು ಯಾರೂ ಶಿಕ್ಷಕರೆಂದು ಒಪ್ಪುತ್ತಿರಲಿಲ್ಲ. ನಿಜವಾದ ಶಾಲೆಯ ನಿಜವಾದ ಮಕ್ಕಳ ಮುಂದೆ ನಿಂತು ಪಾಠ ಮಾಡಬೇಕಿತ್ತು; ಹಿಂದಿನ ಬೆಂಚಿನಲ್ಲಿ ನಮ್ಮ ಉಪನ್ಯಾಸಕರು ಕುಳಿತು, ಧ್ವನಿ ಏರಿದ್ದು, ಸೀಮೆಸುಣ್ಣ ಕೀರಿದ್ದು, ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಿದ್ದರು. ಮಕ್ಕಳಿಗೆ ಗುರುತ್ವಾಕರ್ಷಣೆ ಹೇಳಿಕೊಡುವವನಿಗೆ ಇಷ್ಟು ಕಾವಲು. ನಿಂತ ಹೃದಯಕ್ಕೆ ಕೈಯಿಡುವವಳಿಗೆ ಹತ್ತು ಅಂಕದ ಪ್ರಶ್ನೆ!

ಇದು ನಮ್ಮ ದೇಶದ ಹುಡುಗಿಯರ ಅಯೋಗ್ಯತೆಯೆಂದು ಯಾರಾದರೂ ತಿಳಿದರೆ ಅದು ದೊಡ್ಡ ತಪ್ಪು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹೃದಯಸ್ತಂಭನವಾದ 67 ರೋಗಿಗಳಿಗೆ ನೀಡಿದ ಸಿ.ಪಿ.ಆರ್. ಅನ್ನು ಉಪಕರಣದಿಂದ ಅಳೆದು ನೋಡಿದರು. ಮಾಡಿದವರು ತರಬೇತಾದ ಆಸ್ಪತ್ರೆಯ ಸಿಬ್ಬಂದಿಯೇ. ಆದರೂ ಅಳೆದ ಅವಧಿಗಳಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚಿನವುಗಳಲ್ಲಿ ಒತ್ತಿನ ಆಳ ಸಾಲದಾಗಿತ್ತು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಉಸಿರು ಕೊಡುವ ವೇಗ ಅತಿಯಾಗಿತ್ತು. ಗಾಬರಿಯಲ್ಲಿ ಮನುಷ್ಯ ಗಾಳಿಚೀಲವನ್ನು ಪದೇ ಪದೇ ಹಿಂಡುತ್ತಾನೆ. ಎದೆಯೊಳಗೆ ಒತ್ತಡ ಹೆಚ್ಚಿ ಹೃದಯಕ್ಕೆ ರಕ್ತ ಮರಳುವುದು ಕುಂದುತ್ತದೆ. ಶ್ರೀಮಂತ ದೇಶದ ಪ್ರಸಿದ್ಧ ಆಸ್ಪತ್ರೆಯ ಕಥೆಯೇ ಇದಾದರೆ, ಬೀರುವಿನ ಗೊಂಬೆಯನ್ನು ಗಾಜಿನಾಚೆಯಿಂದ ನೋಡಿದ ನಮ್ಮ ಮಕ್ಕಳ ಗತಿಯೇನು?

ಇನ್ನೊಂದು ಸಂಗತಿ ಶಿಕ್ಷಕನಾದ ನನಗೆ ಬಹಳ ಕುತೂಹಲಕರವಾಗಿ ಕಂಡಿತು. ಸೈಕಲ್ಲು, ಈಜು ಒಮ್ಮೆ ಬಂದರೆ ಮುಪ್ಪಿನವರೆಗೂ ಮರೆಯುವುದಿಲ್ಲ. ಈ ವಿದ್ಯೆ ಹಾಗಲ್ಲ. ಚೆನ್ನಾಗಿ ಕಲಿತವರ ಕೈಚಳಕವೂ ಮೂರರಿಂದ ಆರು ತಿಂಗಳಲ್ಲಿ ಸವೆಯತೊಡಗುತ್ತದೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಕಾರಣವೇನಿರಬಹುದು? ಸೈಕಲ್ಲಿನ ಮೇಲೆ ತಪ್ಪಿದರೆ ಬೀಳುತ್ತೇವೆ, ಮೊಣಕಾಲು ಕಿತ್ತು ಪಾಠ ಹೇಳುತ್ತದೆ. ಇಲ್ಲಿ ಒಂದು ಸೆಂಟಿಮೀಟರು ಕಡಿಮೆ ಒತ್ತಿದರೆ ರೋಗಿ ಎದ್ದು ಹೇಳುವುದಿಲ್ಲ. ತಪ್ಪು ತಿಳಿಯದ ಕಡೆ ಕೈ ಮರೆಯುತ್ತಾ ಹೋಗುತ್ತದೆ, ಗೊತ್ತಿದೆಯೆಂಬ ಧೈರ್ಯ ಮಾತ್ರ ಹಾಗೆಯೇ ಉಳಿಯುತ್ತದೆ. ಅಮೆರಿಕದ ಹೃದಯ ಸಂಘದ ಪ್ರಮಾಣಪತ್ರಕ್ಕೆ ಎರಡು ವರ್ಷದ ಆಯುಸ್ಸು. ಕಾಗದ ಬದುಕಿರುವಾಗಲೇ ಕೈಯ ವಿದ್ಯೆ ಸತ್ತಿರುತ್ತದೆಂಬುದನ್ನು ಕಂಡುಕೊಂಡ ಅದೇ ಸಂಘ, ಮೂರು ತಿಂಗಳಿಗೊಮ್ಮೆ ವಾರ್ಡಿನಲ್ಲಿಯೇ ಕೆಲವು ನಿಮಿಷ ಅಭ್ಯಾಸ ಮಾಡಿಸುವ ಕ್ರಮವನ್ನೂ ಬಳಕೆಗೆ ತಂದಿದೆ. ಇದಲ್ಲದೆ ನಿಯಮಗಳೂ ಬದಲಾಗುತ್ತವೆ. 2010ರವರೆಗೆ ಮೊದಲು ಶ್ವಾಸಮಾರ್ಗ, ಆಮೇಲೆ ಉಸಿರು, ಕೊನೆಗೆ ಎದೆ ಒತ್ತುವುದೆಂದು ಕಲಿಸುತ್ತಿದ್ದರು. ಆ ವರ್ಷದಿಂದ ಒತ್ತುವುದೇ ಮೊದಲಾಯಿತು. 2004ರಲ್ಲಿ ತೇರ್ಗಡೆಯಾಗಿ ಅಂದಿನಿಂದ ಗೊಂಬೆ ಮುಟ್ಟದ ದಾದಿ ಇಂದಿಗೂ ಹಳೆಯ ಪಾಠವನ್ನೇ ಒಪ್ಪಿಸಿದರೆ ಅದು ಆಕೆಯ ಅಪರಾಧವೇ?

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ಭಾರತೀಯ ಅರಿವಳಿಕೆ ತಜ್ಞರು 2017ರಲ್ಲಿಯೇ ನಮ್ಮ ದೇಶಕ್ಕೆ ಹೊಂದುವ ಮಾರ್ಗಸೂಚಿಗಳನ್ನು ಪ್ರಕಟಿಸಿದರು. ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಎನ್.ಎ.ಬಿ.ಎಚ್. ಮಂಡಳಿ, ರೋಗಿಯ ಆರೈಕೆ ಮಾಡುವ ಸಿಬ್ಬಂದಿಗೆ ಸಿ.ಪಿ.ಆರ್. ತರಬೇತಿ ಇರಬೇಕೆಂದೂ ಅದು ಕಾಲಕಾಲಕ್ಕೆ ನವೀಕರಣವಾಗಬೇಕೆಂದೂ ಕೇಳುತ್ತದೆ. ಆದರೆ ತಪಾಸಣೆಯೆಂದರೇನೆಂಬುದು ನಮ್ಮ ಕಾಲದ ಶಾಲೆಯಲ್ಲಿ ಓದಿದ ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ಗೋಡೆಗೆ ಸುಣ್ಣ, ಪ್ರಯೋಗಾಲಯದ ಬೀಗಕ್ಕೆ ಎಣ್ಣೆ, ಹಾಜರಿ ಪುಸ್ತಕಕ್ಕೆ ಹೊಸ ರಟ್ಟು. ಆಸ್ಪತ್ರೆಗಳಲ್ಲಿಯೂ ತಪಾಸಣೆಯ ಹಿಂದಿನ ವಾರ ಎಲ್ಲರನ್ನೂ ಸಭಾಂಗಣದಲ್ಲಿ ಕೂಡಿಸಿ, ಪರದೆಯ ಮೇಲೆ ಚಿತ್ರ ತೋರಿಸಿ, ಸಹಿ ಹಾಕಿಸಿಕೊಂಡು ಕಳುಹಿಸುತ್ತಾರೆಂದು ನನ್ನ ವಿದ್ಯಾರ್ಥಿನಿಯರೇ ಹೇಳಿದ್ದಾರೆ. ಸಹಿಯ ಪಟ್ಟಿಯೇ ತರಬೇತಿ!

ಇದಕ್ಕಿಂತ ನಾಚಿಕೆಯ ಮಾತೊಂದಿದೆ. ಅದೇ ವಿದ್ಯಾರ್ಥಿನಿಯರಲ್ಲಿ ಕೊಲ್ಲಿ ರಾಷ್ಟ್ರಗಳಿಗೆ ಹೋಗಬಯಸಿದವರು ತಮ್ಮ ಕೈಯಿಂದಲೇ ಶುಲ್ಕ ಕಟ್ಟಿ, ಬೆಂಗಳೂರಿಗೆ ಹೋಗಿ, ಗೊಂಬೆಯ ಮೇಲೆ ನಿಜವಾಗಿ ಬೆವರು ಸುರಿಸಿ ಕಲಿತು ಬಂದರು. ಅಲ್ಲಿನ ಕೆಲಸದ ಅರ್ಜಿಯೊಡನೆ ಆ ಪ್ರಮಾಣಪತ್ರವನ್ನು ಕೇಳುತ್ತಾರೆ. ಇಂಗ್ಲೆಂಡಿನಲ್ಲಿರುವವಳೊಬ್ಬಳಿಗೆ ವರ್ಷ ವರ್ಷವೂ ಆಸ್ಪತ್ರೆಯೇ ಈ ಅಭ್ಯಾಸ ಮಾಡಿಸುತ್ತದೆ. ಅಂದಮೇಲೆ ನಮ್ಮ ಹುಡುಗಿಯರಿಗೆ ಇದು ಬಾರದ ವಿದ್ಯೆಯಲ್ಲ. ದುಬೈಯ ರೋಗಿಗಾಗಿ ಕಲಿಯಬಲ್ಲವರು ದಾವಣಗೆರೆಯ ರೋಗಿಗಾಗಿ ಕಲಿಯುವಂತೆ ನಾವು ಏರ್ಪಾಡು ಮಾಡಿಲ್ಲ, ಅಷ್ಟೆ.

ಕೈ ಕಲಿತರೂ ಸಾಲದು, ಅಧಿಕಾರ ಬೇಕು. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮೆಲ್ಟ್ಜರ್ ಎಂಬ ವೈದ್ಯರು ರೋಸ್ ಪಿನ್ನಿಯೋ ಎಂಬ ಶುಶ್ರೂಷಕಿಯೊಡಗೂಡಿ ಹೃದ್ರೋಗಿಗಳ ವಿಶೇಷ ಘಟಕ ನಡೆಸಿದಾಗ, ವೈದ್ಯರಿಗಾಗಿ ಕಾಯದೆ ಶುಶ್ರೂಷಕಿಯೇ ವಿದ್ಯುದಾಘಾತ ನೀಡಬೇಕೆಂದು ತರಬೇತಿ ಕೊಟ್ಟರು. ಸದಾ ಹಾಸಿಗೆಯ ಬಳಿ ಇರುವವಳು ಅವಳೇ ಆದ್ದರಿಂದ ಬೇರೆ ದಾರಿಯೇ ಇರಲಿಲ್ಲ. ಅರವತ್ತು ವರ್ಷ ಕಳೆದ ಮೇಲೂ ನಮ್ಮ ಅನೇಕ ಆಸ್ಪತ್ರೆಗಳಲ್ಲಿ ದಾದಿ ಮೊದಲು ಮಾಡುವ ಕೆಲಸ ಫೋನು; ಕೇಳದೆ ಏಕೆ ಮುಟ್ಟಿದೆ ಎಂಬ ಬೈಗುಳದ ಭಯ ಆಕೆಯ ಕೈ ಕಟ್ಟಿರುತ್ತದೆ. ಈಗ ಸರ್ಕಾರಿ ಆಸ್ಪತ್ರೆಯ ದಾದಿಯರನ್ನು ಶುಶ್ರೂಷಾಧಿಕಾರಿಗಳೆಂದು ಕರೆಯುತ್ತಾರೆ. ಬಹಳ ಸಂತೋಷ. ಹೆಸರಿನೊಳಗೆ ಬಂದ ಅಧಿಕಾರ ಹಾಸಿಗೆಯ ಬಳಿಗೂ ಬಂದರೆ ಇನ್ನೂ ಸಂತೋಷ.

ಈ ಮಾತುಗಳನ್ನು ಆಡಿದಾಗಲೆಲ್ಲ ಎದುರಾಗುವ ವಾದಗಳೂ ನನಗೆ ಗೊತ್ತು. ಸ್ತಂಭನವಾದವರು ಹೇಗೂ ಉಳಿಯುವುದಿಲ್ಲವೆನ್ನುತ್ತಾರೆ. ಅಮೆರಿಕದಲ್ಲಿ ಆಸ್ಪತ್ರೆಯೊಳಗೆ ಹೃದಯಸ್ತಂಭನವಾದವರಲ್ಲಿ ಸುಮಾರು ನಾಲ್ಕೈದು ಜನರಿಗೆ ಒಬ್ಬರು ಬದುಕಿ ಮನೆಗೆ ಹೋಗುತ್ತಾರೆ. ಆ ಒಬ್ಬರು ನಮ್ಮ ಮನೆಯವರಾದರೆ ಆಗ ಈ ವಾದ ಮಾಡುವವರು ಯಾರು? ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವವರ ಎದೆ ಒತ್ತುವುದು ಹಿಂಸೆಯಲ್ಲವೇ ಎನ್ನುತ್ತಾರೆ. ಹೌದು, ಹಿಂಸೆಯೇ. ಅಂಥವರ ವಿಷಯದಲ್ಲಿ ಮೊದಲೇ ಮಾತನಾಡಿ ಬರೆದಿಡಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಬರೆದಿಡದವರಿಗೆ ಮನೆಯವರ ಸಮಾಧಾನಕ್ಕೆಂದು ಮೆಲ್ಲಗೆ ಒತ್ತಿ ನಟಿಸುವುದಂತೂ ಎರಡಕ್ಕೂ ಸಲ್ಲದ ಕೆಲಸ. ದಾದಿಯರ ಸಂಖ್ಯೆಯೇ ಸಾಲದು ಎಂಬ ವಾದಕ್ಕೆ ಮಾತ್ರ ನಾನು ಪೂರ್ಣವಾಗಿ ತಲೆಬಾಗುತ್ತೇನೆ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬ ದಾದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ರಾತ್ರಿ ಪಾಳಿಯಲ್ಲಿ ಮೂವತ್ತು ಹಾಸಿಗೆಗೆ ಒಬ್ಬಳನ್ನು ನಿಲ್ಲಿಸಿ, ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕೆಂಬ ನಿಯಮ ಹೇಳಿದರೆ ಆಕೆ ಯಾರನ್ನು ಕರೆಯಬೇಕು? ಆದರೆ ಸಂಖ್ಯೆ ಕಡಿಮೆಯಿದೆಯೆಂದು ಕಲಿಸುವುದನ್ನೂ ಬಿಡುವುದು, ಅನ್ನ ಕಡಿಮೆಯಿದೆಯೆಂದು ಒಲೆಯನ್ನೂ ಆರಿಸಿದಂತೆ.

ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯ ಮೂಲಕ ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ, ರಕ್ತದ ಗರಣೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಮನಸಾರೆ ಮೆಚ್ಚತಕ್ಕ ಕೆಲಸ. ಆದರೆ ಹೃದಯಾಘಾತದ ಮೊದಲ ಗಂಟೆಗಳಲ್ಲಿಯೇ ಸ್ತಂಭನದ ಅಪಾಯ ಹೆಚ್ಚು. ಆ ಚುಚ್ಚುಮದ್ದು ಕೆಲಸ ಮಾಡುವಷ್ಟು ಹೊತ್ತು ರೋಗಿಯನ್ನು ಹಿಡಿದಿಡಬೇಕಾದವಳು ಅದೇ ತಾಲ್ಲೂಕಿನ ದಾದಿ. ಔಷಧಕ್ಕೆ ಹಣವಿದೆಯೆಂದಾದರೆ, ಆಳ ಸರಿಯಿದ್ದರೆ ದೀಪ ಹೊತ್ತುವ ಅಥವಾ ಟಕ್ಕೆಂದು ಸದ್ದು ಮಾಡುವ ಗೊಂಬೆಯೊಂದನ್ನು ಪ್ರತಿ ಆಸ್ಪತ್ರೆಯ ವಾರ್ಡಿನಲ್ಲಿ, ಬೀಗವಿಲ್ಲದ ಕಡೆ ಇಡಲು ಹಣವಿಲ್ಲವೇ? ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬ ದಾದಿಯೂ ಹತ್ತು ನಿಮಿಷ ಅದನ್ನು ಒತ್ತಲಿ, ಕೆಲಸದ ವೇಳೆಯಲ್ಲಿಯೇ ಒತ್ತಲಿ, ರಜೆಯ ದಿನ ಕರೆಸುವುದು ಬೇಡ, ಶುಲ್ಕವಂತೂ ಬೇಡವೇ ಬೇಡ. ಸಹಿಯ ಬದಲು ಆಳ-ವೇಗಗಳ ಅಂಕಿಯನ್ನು ದಾಖಲಿಸಲಿ. ಕಾಲೇಜುಗಳಲ್ಲಿ ಗೊಂಬೆ ಒತ್ತಲಾರದವರಿಗೆ ಆ ಹತ್ತು ಅಂಕವನ್ನು ಕೊಡದಿರಲಿ. ಒತ್ತಬಲ್ಲವಳಿಗೆ ಬರೆಯಲು ಬಾರದಿದ್ದರೂ ಕೊಡಲಿ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ನರ್ಸಿಂಗ್ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿದ್ದೀರಿ. ನಿಮ್ಮಲ್ಲೊಬ್ಬರು ಕಳೆದ ತಿಂಗಳು ತಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದು ಸನ್ಮಾನ ಸ್ವೀಕರಿಸಬೇಕೆಂದು ಪ್ರೀತಿಯಿಂದ ಪತ್ರ ಬರೆದಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡ; ವೇದಿಕೆಯ ಮೇಲೆ ಗೊಂಬೆಯನ್ನು ತಂದು ಮಲಗಿಸಿ, ಕೊನೆಯ ವರ್ಷದ ಹುಡುಗಿಯರಲ್ಲಿ ನಾನು ಹೆಸರು ಕೂಗಿದ ಐವರು ತಲಾ ಎರಡು ನಿಮಿಷ ಒತ್ತಲಿ, ಗಡಿಯಾರ ನಾನು ಹಿಡಿಯುತ್ತೇನೆ, ಒಪ್ಪಿಗೆಯಿದ್ದರೆ ಮೊದಲನೆಯ ಬಸ್ಸಿಗೇ ಹೊರಡುತ್ತೇನೆ ಎಂದು ಮರುಪತ್ರ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.